ಕಲ್ತರಿಗ್ ಮಾತ್ರ ಕಲ್ಸುದಾ?

ಕಳೆದ ಸಲ ಊರಿಗೆ ಹೋದಾಗ ನಡೆದದ್ದು. ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಬಸ್ಸು ಹತ್ತಿ, ಶನಿವಾರ ಬೆಳಿಗ್ಗೆ ಕೋಟ ಮೂರ್ಕೈಯಲ್ಲಿ ಇಳಿದು ಮನೆಗೆ ಬಂದು ಇನ್ನೂ ಕಾಲು ತೊಳೆದಿರಲಿಲ್ಲ. ಪಕ್ಕದ ಮನೆಯ ಹುಡುಗಿ ಮೊಬೈಲ್ ಹಿಡ್ಕೊಂಡು ಜಗಲಿಗೆ ಬಂದಳು.

"ಅಣ್ಣ, ನೀವ್ ಜಪಾನ್ ಕಂಪೆನಿ ಕೆಲ್ಸ ಅಲ್ದಾ ಮಾಡುದ್? ನಂಗ್ ಇದ್ ಆತ್ತಾ ಕಾಣಿ."

ಕಂಡೆ. ಜಪಾನ್ ಸರ್ಕಾರದ ವಿದ್ಯಾರ್ಥಿವೇತನದ ಅರ್ಜಿ. ಹುಡುಗಿ ಬಿಕಾಂ ಕೊನೆಯ ವರ್ಷ. ಅಪ್ಪ ಸಾಯ್ಬ್ರಕಟ್ಟೆ ಕಡೆ ಆಟೋ ಓಡಿಸ್ತಾರೆ, ಅಮ್ಮನಿಗೆ ಎರಡು ದನ, ಡೈರಿಗೆ ಹಾಲು. ಇವಳಿಗೆ ಜಪಾನಿನ ಹುಚ್ಚು ಎಲ್ಲಿಂದ ಹಿಡಿಯಿತು ಅಂದ್ರೆ, ಲಾಕ್‌ಡೌನ್ ಟೈಮಲ್ಲಿ ತಮ್ಮನ ಜೊತೆ ನರುಟೊ ನೋಡಿ. ತಮ್ಮ ಆಮೇಲೆ ಕ್ರಿಕೆಟ್ಟಿಗೆ ಹೋದ, ಇವಳು ಭಾಷೆಗೆ ಬಿದ್ದಳು. ಪಿಯುಸಿಯ ರೆಕಾರ್ಡ್ ಬುಕ್ಕಿನ ಖಾಲಿ ಹಾಳೆಗಳಲ್ಲಿ ಹಿರಗಾನ, ಕತಕಾನ, ಆಮೇಲೆ ಒಂದೊಂದೇ ಕಾಂಜಿ. ಮೊಬೈಲೇ ಮೇಷ್ಟ್ರು. ರಾತ್ರಿ ಬಸ್ಸಲ್ಲಿ ಬೆಂಗಳೂರಿಗೆ ಬಂದು ಜೆಎಲ್‌ಪಿಟಿ ಪರೀಕ್ಷೆಯ ಎನ್5 ಬರೆದು, ಅವತ್ತು ರಾತ್ರಿಯೇ ವಾಪಸ್ ಬಸ್ಸು ಹತ್ತಿದ್ದಾಳೆ. ಪಾಸೂ ಆಗಿದ್ದಾಳೆ. ನಾನು ಅದೇ ಬೆಂಗಳೂರಲ್ಲಿ ಇದ್ದೆ. ನನಗೆ ಗೊತ್ತೇ ಇಲ್ಲ.

ಅವಳು ತೋರಿಸಿದ್ದು ಜಪಾನಿ ಭಾಷೆ ಮತ್ತು ಸಂಸ್ಕೃತಿಯನ್ನೇ ಕಲಿಯಲು ಕರೆಸಿಕೊಳ್ಳುವ ಯೋಜನೆ. ಅಲ್ಲಿನ ಶಿಕ್ಷಣ ಸಚಿವಾಲಯ ಕೊಡುವ 'ಮೆಕ್ಸ್ಟ್' ವಿದ್ಯಾರ್ಥಿವೇತನಗಳಲ್ಲಿ ಒಂದು. ಸುಮಾರು ಒಂದು ವರ್ಷ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದು. ಫೀಸಿಲ್ಲ, ಹೋಗಿ ಬರುವ ವಿಮಾನದ ಟಿಕೆಟ್ ಅವರದ್ದೇ, ತಿಂಗಳಿಗೆ 1,17,000 ಯೆನ್ ಕೈಗೆ. ಯೆನ್ ಏರಿಳಿದರೂ ನಮ್ಮ ಲೆಕ್ಕದಲ್ಲಿ ಅರವತ್ತು ಸಾವಿರದ ಆಸುಪಾಸು. 18 ದಾಟಿರಬೇಕು, 30 ಆಗಿರಬಾರದು. ಎಲ್ಲ ಸರಿ. ಆದರೆ ನಡುವೆ ಒಂದು ಸಾಲು ಇದೆ: ಅರ್ಜಿ ಹಾಕುವವರು ತಮ್ಮ ದೇಶದ ವಿಶ್ವವಿದ್ಯಾಲಯದಲ್ಲಿ ಜಪಾನಿ ಭಾಷೆ ಅಥವಾ ಜಪಾನಿ ಸಂಸ್ಕೃತಿಯನ್ನೇ ಮುಖ್ಯ ವಿಷಯವಾಗಿ ಪದವಿಯಲ್ಲಿ ಓದುತ್ತಿರಬೇಕು.

ಬಿಕಾಂನವಳಿಗೆ ಇಲ್ಲ ಅಂತ ಹೇಳಿದೆ. ಅವಳು ಸ್ವಲ್ಪ ಹೊತ್ತು ಮೊಬೈಲನ್ನೇ ನೋಡಿ ಕೇಳಿದಳು: "ಅಂದ್ರೆ, ಕಲ್ತರಿಗ್ ಮಾತ್ರ ಕಲ್ಸುದಾ?"

ನಾನು ಬೆಂಗಳೂರಿಗೆ ವಾಪಸ್ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಅದಕ್ಕೇ ಈ ಬರಹ.

ಮೊದಲು ಜಪಾನಿನವರ ಪರವಾಗಿ ಒಂದು ಮಾತು. ತಪ್ಪು ಅವರದ್ದಲ್ಲ. ಬೇರೆ ದೇಶದ ಕಾಲೇಜುಗಳಲ್ಲಿ ತಮ್ಮ ಭಾಷೆ ಓದುತ್ತಿರುವ ಮಕ್ಕಳನ್ನು ಒಂದು ವರ್ಷ ಕರೆಸಿ ಗಟ್ಟಿ ಮಾಡಿ ಕಳಿಸುವುದು ಆ ಯೋಜನೆಯ ಉದ್ದೇಶ. ಅವರ ದುಡ್ಡು, ಅವರ ನಿಯಮ. ನಮ್ಮ ದೇಶದಲ್ಲೂ ಅದರ ಫಲ ಉಣ್ಣುವವರಿದ್ದಾರೆ. ದೆಹಲಿಯ ಜೆಎನ್‌ಯುನಲ್ಲಿ ಜಪಾನಿ ವಿಭಾಗ ಇದೆ. ಶಾಂತಿನಿಕೇತನದಲ್ಲಿ ನಿಪ್ಪೋನ್ ಭವನವೇ ಇದೆ, ಟಾಗೋರರು 1916ರಲ್ಲಿ ಜಪಾನಿಗೆ ಹೋಗಿ ಬಂದ ನಂಟಿನ ಬೇರು ಅದಕ್ಕಿದೆ. ಪುಣೆಯಲ್ಲಂತೂ ದಶಕಗಳಿಂದ ಜಪಾನಿ ಕಲಿಯುವುದು ಮಧ್ಯಮ ವರ್ಗದ ಮನೆಗಳ ಸಂಗತಿಯೇ ಆಗಿಬಿಟ್ಟಿದೆ. ಆ ಊರಿನ ಮಕ್ಕಳಿಗೆ ಈ ನಿಯಮ ಒಂದು ಅಡ್ಡಿಯೇ ಅಲ್ಲ.

ಅಡ್ಡಿ ಯಾರಿಗೆ? ಕೋಟದಿಂದ ಸಿಟಿ ಬಸ್ಸಲ್ಲೋ ಎಕ್ಸ್‌ಪ್ರೆಸ್ಸಲ್ಲೋ ನಿಂತುಕೊಂಡು ಕಾಲೇಜಿಗೆ ಹೋಗುವವರಿಗೆ. ಬಿಕಾಂ, ಬಿಬಿಎ, ಬಿಸಿಎ ಬಿಟ್ಟರೆ ನಾಲ್ಕನೇ ಹೆಸರು ಕೇಳದವರಿಗೆ. ಅವಳು ಪಿಯುಸಿ ಮುಗಿಸಿದಾಗ "ಜಪಾನಿ ಓದ್ತೆ" ಅಂದಿದ್ದರೆ ಓದಿಸುವ ಜಾಗ ಹತ್ತಿರದಲ್ಲಿ ಇರಲಿಲ್ಲ. ದೂರಕ್ಕೆ ಕಳಿಸಲು ಮನೆಯಲ್ಲಿ ದುಡ್ಡಿರಲಿಲ್ಲ. ಯೋಜನೆಯೇನೋ ಬಡವ ಬಲ್ಲಿದ ಅಂತ ನೋಡುವುದಿಲ್ಲ, ಅರ್ಜಿಗೂ ದುಡ್ಡು ಕೇಳುವುದಿಲ್ಲ. ಆದರೆ ಅರ್ಜಿಯ ತನಕ ಬರುವ ದಾರಿಗೆ ನಾವು ಸುಂಕ ಹಾಕಿಟ್ಟಿದ್ದೇವೆ.

"ನಾವು" ಅಂದೆ. ಯಾರು ಯಾರು ಅಂತ ಬಿಡಿಸಿಯೇ ಹೇಳ್ತೇನೆ.

ಮೊದಲನೆಯದು ಸರ್ಕಾರಗಳು. ದೆಹಲಿಯವರು 2020ರ ಶಿಕ್ಷಣ ನೀತಿಯಲ್ಲಿ ಪ್ರೌಢಶಾಲೆಯ ಮಟ್ಟದಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳ ಪಟ್ಟಿ ಮಾಡಿದರು. ಕೊರಿಯನ್ ಇದೆ, ಜಪಾನಿ ಇದೆ, ಥಾಯ್ ಇದೆ. ಬೆಂಗಳೂರಿನವರು ಆ ನೀತಿಯೇ ಬೇಡ, ನಮ್ಮದೇ ಮಾಡ್ತೇವೆ ಅಂತ ಆಯೋಗ ಮಾಡಿದರು. ಟಿವಿಯಲ್ಲಿ ಎರಡೂ ಕಡೆಯವರು ಗಂಟಲು ಹರಿದುಕೊಂಡರು. ಇಬ್ಬರಲ್ಲಿ ಯಾರೂ ನಮ್ಮ ಹುಡುಗಿಯ ಕಾಲೇಜಿಗೆ ಒಬ್ಬ ಮೇಷ್ಟ್ರನ್ನು ಕಳಿಸಲಿಲ್ಲ. ಕರ್ನಾಟಕಕ್ಕೆ ಜಪಾನ್ ಅಂದ್ರೆ ಹೂಡಿಕೆದಾರರ ಸಮಾವೇಶಕ್ಕೆ ಹೂಗುಚ್ಛ ಕೊಡುವ ದೇಶ. ಬಿಡದಿಯಲ್ಲಿ ಟೊಯೋಟಾ ಕಾರು 1999ರಿಂದ ತಯಾರಾಗ್ತಾ ಇದೆ. ಮೈಸೂರಿನ ರೇಷ್ಮೆ ಸಂಶೋಧಕರ ಜೊತೆ ಜಪಾನಿನ ತಜ್ಞರು ವರ್ಷಗಟ್ಟಲೆ ಕೂತು ದ್ವಿತಳಿ ರೇಷ್ಮೆಯ ಕೆಲಸ ಮಾಡಿದ್ದಾರೆ. ಇಷ್ಟೆಲ್ಲ ಆದ ಮೇಲೂ ಬೆಂಗಳೂರಿನ ಹೊರಗೆ ಓದುವ ಮಗುವಿಗೆ ಈ ಭಾಷೆ ಆಕಾಶದ ಮಾತು.

ಎರಡನೆಯದು ನಮ್ಮ ಊರಿನ ಹಿರಿಯರು, ಮೇಷ್ಟ್ರುಗಳು. "ಅದ್ ಕಲ್ತ್ರೆ ಸ್ಕೋಪ್ ಇತ್ತಾ?" ಈ ಒಂದು ಪ್ರಶ್ನೆಯಿಂದ ನಮ್ಮ ಕರಾವಳಿಯಲ್ಲಿ ಎಷ್ಟು ಮಕ್ಕಳ ಆಸೆ ಮುರಿದಿದೆಯೋ ಲೆಕ್ಕ ಇಟ್ಟವರಿಲ್ಲ. ಹುಡುಗಿ ಎನ್5 ಪಾಸಾದದ್ದನ್ನು ಕಾಲೇಜಿನಲ್ಲಿ ಹೇಳಿದಾಗ ಒಬ್ಬರು ಅಂದರಂತೆ, "ಆ ಟೈಮಲ್ಲಿ ಟ್ಯಾಲಿ ಕಲಿತಿದ್ರೆ ಕೆಲ್ಸಕ್ಕೆ ಬರ್ತಿತ್ತು." ಟ್ಯಾಲಿ ಕಲಿಯಲಿ, ಬೇಡ ಅಂದವರಾರು? ಆದರೆ ಒಬ್ಬಳು ಹುಡುಗಿ ಯಾರ ಸಹಾಯವೂ ಇಲ್ಲದೆ ಮೂರು ಲಿಪಿಯ ಭಾಷೆಗೆ ಕೈ ಹಾಕಿ ಒಂದು ಮಟ್ಟ ದಾಟಿದ್ದಾಳೆ ಅಂದಾಗ ಬಾಯಿಗೆ ಮೊದಲು ಬರಬೇಕಾದ ಮಾತು ಅದಲ್ಲ.

ಈ 'ಸ್ಕೋಪ್' ಲೆಕ್ಕ ನಮ್ಮ ಊರಿನ ಹಳೆಯ ಲೆಕ್ಕವೂ ಅಲ್ಲ. ಕೋಟದ ಪಕ್ಕದ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರು ಬೆಂಗಳೂರಲ್ಲಿ ಹೋಟೆಲು ನಡೆಸುತ್ತಾ, 1951ರಲ್ಲಿ ಯುರೋಪಿಗೆ ಹೋದರು. ಅಲ್ಲಿನ ಹೋಟೆಲುಗಳ ಅಡುಗೆಮನೆ, ಶುಚಿತ್ವ ನೋಡಿಕೊಂಡು ಬಂದು ಎಂಟಿಆರ್‌ನಲ್ಲಿ ಅದನ್ನು ಜಾರಿ ಮಾಡಿದರು. ದೋಸೆ ಮಾಡುವವನಿಗೆ ಯುರೋಪಿನಲ್ಲಿ ಎಂತ ಸ್ಕೋಪು? ಅದಕ್ಕೂ ಮೊದಲು, 1898ರಲ್ಲಿ ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ತಿಂಗಳುಗಟ್ಟಲೆ ಅಲ್ಲಿನ ಶಾಲೆ, ಕೈಗಾರಿಕೆ ನೋಡಿಕೊಂಡು ಬಂದರು. ಮತ್ತೆ ಕೋಟದವರೇ ಆದ ಕಾರಂತರು! 1902ರಲ್ಲಿ ಇಲ್ಲಿ ಹುಟ್ಟಿದ ಆ ಮನುಷ್ಯ ಕಾಲೇಜು ಅರ್ಧಕ್ಕೆ ಬಿಟ್ಟು, ಆಮೇಲೆ ಕಲಿಯದೆ ಬಿಟ್ಟ ವಿಷಯ ಯಾವುದು? ಅವರ ಹೆಸರಲ್ಲಿ ಕೋಟತಟ್ಟಿನಲ್ಲಿ ಥೀಮ್ ಪಾರ್ಕ್ ಕಟ್ಟಿದ್ದೇವೆ. ಕಂಡದ್ದನ್ನೆಲ್ಲ ಕಲಿಯುವ ಅವರ ಚಾಳಿ ಮಾತ್ರ ನಮ್ಮ ಮಕ್ಕಳಿಗೆ ಬರಬಾರದು ಅಂತ ಕಾಯ್ತಾ ಇದ್ದೇವೆ.

ಈಗ ಜಪಾನ್ ಎಂಬ ಹೆಸರು ಊರಿಗೆ ಬೇರೆ ದಾರಿಯಲ್ಲಿ ಬರ್ತಾ ಇದೆ. 2021ರ ಜನವರಿಯಲ್ಲಿ ಎರಡು ದೇಶಗಳು ಒಪ್ಪಂದ ಮಾಡಿಕೊಂಡವು. ಎನ್4 ಮಟ್ಟದ ಭಾಷೆ, ಜೊತೆಗೆ ಕಸುಬಿನ ಪರೀಕ್ಷೆ ಪಾಸಾದವರು ಮುದುಕರ ಆರೈಕೆ, ಕೃಷಿ, ಕಟ್ಟಡದ ಕೆಲಸಗಳಿಗೆ ಹೋಗಬಹುದು. 2025ರ ಆಗಸ್ಟಿನಲ್ಲಿ ಪ್ರಧಾನಿ ಟೋಕಿಯೊಗೆ ಹೋದಾಗ ಇನ್ನೂ ದೊಡ್ಡ ಮಾತಾಯಿತು. ಐದು ವರ್ಷದಲ್ಲಿ ಐದು ಲಕ್ಷ ಜನರ ವಿನಿಮಯ, ಅದರಲ್ಲಿ ಭಾರತದಿಂದ 50,000 ಕುಶಲ ಕೆಲಸಗಾರರು. ಹೋಗಲಿ, ಒಳ್ಳೆಯದೇ. ನಮ್ಮ ಕರಾವಳಿಯವರು ಬೊಂಬಾಯಿಗೂ ಗಲ್ಫಿಗೂ ಹೋಗಿಯೇ ಮನೆಗಳಿಗೆ ತಾರಸಿ ಹಾಕಿದ್ದು. ದುಡಿಯಲು ಹೋಗುವವರನ್ನು ಕೀಳಾಗಿ ನೋಡುವ ಹಕ್ಕು ನನಗಿಲ್ಲ.

ಆದರೆ ಗಲ್ಫಿನ ಪಾಠ ಮರೆಯಬಾರದು. ಓದಲು ಬಾರದ ಕಾಗದಕ್ಕೆ ಸಹಿ ಹಾಕಿ ಹೋದವರ ಪಾಡು ನಮ್ಮಲ್ಲಿ ಎಷ್ಟೋ ಮನೆಗಳಿಗೆ ಗೊತ್ತು. ನಾಳೆ ಜಪಾನಿನ ಹೆಸರು ಹೇಳಿಕೊಂಡು ಏಜೆಂಟ್ ಬರ್ತಾನೆ, ಒಂದು ಒಪ್ಪಂದದ ಹಾಳೆ ಮುಂದಿಡ್ತಾನೆ. ಆಗ ಊರಲ್ಲಿ ಅದನ್ನು ಓದಿ "ಇಲ್ಲಿ ಹೀಗೆ ಬರೆದಿದೆ ಕಾಣಿ" ಅಂತ ಹೇಳಲು ಯಾರಾದರೂ ಬೇಕಲ್ಲ? ಕೆಲಸಕ್ಕೆ ಬೇಕಾದಷ್ಟೇ ಭಾಷೆ ಕಲಿತವನಿಗೆ "ಹೌದು", "ಸರಿ", "ಕ್ಷಮಿಸಿ" ಗೊತ್ತಿರುತ್ತದೆ. ಆ ದೇಶದ ಕಾನೂನು, ರೀತಿ, ಮನಸ್ಸು ಗೊತ್ತಿರುವವನು ಬೇರೆಯೇ. ಅವನನ್ನು ತಯಾರು ಮಾಡುವುದು ಭಾಷೆ ಮತ್ತು ಸಂಸ್ಕೃತಿಯ ಓದು. ಅದನ್ನು ಶೋಕಿ ಅನ್ನುವವರು ಸ್ವಲ್ಪ ಯೋಚನೆ ಮಾಡಲಿ. ಸಾವಿರ ಕೆಲಸಗಾರರನ್ನು ಕಳಿಸುವ ಜಿಲ್ಲೆಗೆ ಹತ್ತು ಜನ ಭಾಷೆ ಬಲ್ಲ ವಿದ್ವಾಂಸರು ಬೇಡವೇ?

ಒಂದು ವಾದ ಬರ್ತದೆ, ಗೊತ್ತು. "ಕನ್ನಡ ಶಾಲೆಗಳೇ ಮುಚ್ತಾ ಇವೆ, ನೀವು ಜಪಾನಿ ಅಂತೀರಲ್ಲ ಮಾರಾಯ್ರೆ?" ನಾನು ಹೇಳುವುದು, ಕನ್ನಡದ ಕಾರಣಕ್ಕೇ ಜಪಾನಿ ಬೇಕು. ನಮ್ಮ ಮಕ್ಕಳ ತಲೆಯಲ್ಲಿ ಒಂದು ನಂಬಿಕೆ ಕೂತಿದೆ: ಇಂಗ್ಲಿಷಿನ ಬಾಗಿಲು ದಾಟದೆ ಜಗತ್ತಿಲ್ಲ, ಕನ್ನಡ ಮೀಡಿಯಂನವರು ಹೊಸ್ತಿಲಲ್ಲೇ ನಿಲ್ಲಬೇಕು. ಜಪಾನಿ ಕಲಿಯಲು ಕೂತಾಗ ಈ ನಂಬಿಕೆ ತಲೆಕೆಳಗಾಗ್ತದೆ.

ಹೇಗೆ ಅಂತ ನೋಡಿ. "ನಾನು ಮೀನು ತಿಂದೆ." ಜಪಾನಿಯಲ್ಲಿ "ವತಾಶಿ ವಾ ಸಕಾನ ಓ ತಬೆತ." ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ, ಅದೇ ಸಾಲು. ನಾವು "ಮನೆಯಿಂದ", "ಶಾಲೆಗೆ" ಅಂತ ಹೆಸರಿನ ಹಿಂದೆ ಪ್ರತ್ಯಯ ಅಂಟಿಸುತ್ತೇವೆ, ಅವರೂ ಹಿಂದೆಯೇ ಇಡುತ್ತಾರೆ. "ಬರ್ತೇನೆ ಅಂತ ಹೇಳಿದ" ಅನ್ನುವಾಗಿನ ನಮ್ಮ "ಅಂತ"ಕ್ಕೆ ಅವರಲ್ಲಿ "ತೊ" ಇದೆ, ಅದೇ ಜಾಗದಲ್ಲಿ: "ಕುರು ತೊ ಇತ್ತ." ಇನ್ನೂ ಮಜಾ ಇದೆ. "ತಬೆತೆ ಮಿರು" ಅಂದರೆ ಪದಕ್ಕೆ ಪದ "ತಿಂದು ನೋಡು". ಇಂಗ್ಲಿಷಿನವನಿಗೆ ತಿನ್ನುವುದಕ್ಕೂ ನೋಡುವುದಕ್ಕೂ ಏನು ಸಂಬಂಧ ಅಂತ ಅರ್ಧ ಗಂಟೆ ವಿವರಿಸಬೇಕು. ಕುಂದಾಪ್ರದ ಮಾಣಿಗೆ "ತಿಂದ್ ಕಾಣ್" ಅಂದರೆ ಮುಗೀತು. "ತಿಂದುಬಿಟ್ಟೆ" ಅನ್ನುವುದಕ್ಕೆ "ತಬೆತೆ ಶಿಮತ್ತ" ಇದೆ. ಜಿಟಿಜಿಟಿ ಮಳೆಗೆ "ಶಿತೊಶಿತೊ", ಧೋ ಅಂತ ಸುರಿಯುವುದಕ್ಕೆ "ಝಾಝಾ". ಆಟಿ ತಿಂಗಳಲ್ಲಿ ಕೋಟದಲ್ಲಿ ಕೂತವರಿಗೆ ಇದನ್ನು ಬಾಯಿಪಾಠ ಮಾಡಿಸಬೇಕಾ?

ಅಕ್ಷರಮಾಲೆ ಕೇಳಿ: ಅ, ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆಯಲ್ಲ? ಬೌದ್ಧ ಭಿಕ್ಷುಗಳ ಜೊತೆ ಪೂರ್ವಕ್ಕೆ ಹೋದ ನಮ್ಮ ವರ್ಣಮಾಲೆಯ ಕ್ರಮವೇ ಅದು. ಅಲ್ಲಿ 'ಸ' ಕೂತಿರುವುದು ನಮ್ಮ 'ಚ'ದ ಜಾಗದಲ್ಲಿ, 'ಹ' ಕೂತಿರುವುದು 'ಪ'ದ ಜಾಗದಲ್ಲಿ, ಅಷ್ಟೇ. ಕಾಂಜಿ ಕಷ್ಟ, ಸುಳ್ಳು ಹೇಳುವುದಿಲ್ಲ. ಆದರೆ ವ್ಯಾಕರಣದಲ್ಲಿ ಕನ್ನಡದ ಮಗು ಅರ್ಧ ದಾರಿ ನಡೆದೇ ಬಂದಿರುತ್ತದೆ. ಹೀಗಿರುವಾಗ ನಮ್ಮಲ್ಲಿ ಜಪಾನಿ ಹೇಗೆ ಕಲಿಸುತ್ತಾರೆ? ಇಂಗ್ಲಿಷಿನ ಮೂಲಕ! ಕನ್ನಡದ ವಾಕ್ಯವನ್ನು ತಲೆಕೆಳಗು ಮಾಡಿ ಇಂಗ್ಲಿಷ್, ಅದನ್ನು ಮತ್ತೆ ತಲೆಕೆಳಗು ಮಾಡಿ ಜಪಾನಿ. ನೆಟ್ಟಗೆ ನಿಂತಿದ್ದ ಮಗುವಿಗೆ ಎರಡು ಸಲ ಶೀರ್ಷಾಸನ ಹಾಕಿಸಿ, ಆಮೇಲೆ "ಜಪಾನಿ ಕಷ್ಟ" ಅಂತ ಹೇಳುವುದು.

ಇದು ವ್ಯಾಕರಣದ ಮಾತಾಯಿತು. ಸಂಸ್ಕೃತಿಯಲ್ಲೂ ನಮ್ಮವರು ಬರಿಗೈಯವರಲ್ಲ. ಅಮೃತೇಶ್ವರಿ ಮೇಳದ, ಸಾಲಿಗ್ರಾಮ ಮೇಳದ ಆಟಕ್ಕೆ ರಾತ್ರಿ ನಿದ್ದೆಗೆಟ್ಟು ಬೆಳೆದ ಹುಡುಗ ಕಬುಕಿಯ ಮುಂದೆ ಕೂತರೆ ಎಂತ ಕಾಣ್ತಾನೆ ಯೋಚಿಸಿ. ಬಣ್ಣ ಬರೆದ ಮುಖ, ಸ್ತ್ರೀವೇಷ ಹಾಕಿದ ಗಂಡಸು, ಹೆಜ್ಜೆಗೆ ಬೀಳುವ ಪೆಟ್ಟು. ನೋ ನಾಟಕದಲ್ಲಿ ಹಿಮ್ಮೇಳ ರಂಗದ ಮೇಲೇ ಕೂತಿರುತ್ತದೆ. ದೆಹಲಿಯಲ್ಲಿ ಜಪಾನಿ ಎಂಎ ಮಾಡಿದವನು ಪುಸ್ತಕ ಓದಿ ತಿಳಿಯಬೇಕಾದ್ದನ್ನು ಇವನು ಕಂಡ ಕೂಡಲೇ ನಮ್ಮದರ ಜೊತೆ ಇಟ್ಟು ನೋಡ್ತಾನೆ. ಎಲ್ಲಿ ಹೋಲುತ್ತದೆ, ಎಲ್ಲಿ ಪೂರಾ ಬೇರೆ ಅಂತ ಹೇಳ್ತಾನೆ.

ಆ ಕಡೆಯಿಂದ ಈ ಕಡೆಗೆ ಬಂದವರಿದ್ದಾರೆ. ಕ್ಯೋಟೊ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞೆ ಮಿಹೊ ಇಶಿಯಿ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಇದ್ದು, ಭೂತಾರಾಧನೆಯ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ನಮ್ಮ ದೈವದ ಕೋಲ ನೋಡಲು ಕ್ಯೋಟೊದಿಂದ ಬಂದರು. ಕ್ಯೋಟೊದ ಉತ್ಸವ ನೋಡಿ ಕನ್ನಡದಲ್ಲಿ ಬರೆಯಲು ಕೋಟದಿಂದ ಯಾರು ಹೋಗಬೇಕು? ನಾವು ಯಾವತ್ತೂ ಬೇರೆಯವರ ಪುಸ್ತಕದಲ್ಲಿ ಬರುವ ಊರೇ ಆಗಿರಬೇಕಾ?

ಇಲ್ಲಿ ಪದವಿ ಮುಗಿಸಿದವರಿಗೆ ಒಂದು ಗುಟ್ಟು. ಗುಟ್ಟು ಅಂದೆ, ಅದು ರಾಯಭಾರ ಕಚೇರಿಯ ಜಾಲತಾಣದಲ್ಲಿ ಬಟಾಬಯಲಾಗಿ ಬಿದ್ದಿದೆ, ಆದರೆ ನಮ್ಮ ಕಾಲೇಜುಗಳ ನೋಟಿಸ್ ಬೋರ್ಡಿಗೆ ಬರದ ಕಾರಣ ಗುಟ್ಟು. ಮೆಕ್ಸ್ಟ್‌ನಲ್ಲೇ 'ಸಂಶೋಧನಾ ವಿದ್ಯಾರ್ಥಿ' ಅಂತ ಇನ್ನೊಂದು ಬಾಗಿಲಿದೆ. ಪದವಿ ಆಗಿರಬೇಕು, 35ರ ಒಳಗಿರಬೇಕು, ಓದಿದ ವಿಷಯ ಅಥವಾ ಅದಕ್ಕೆ ಹತ್ತಿರದ್ದನ್ನು ಮುಂದುವರಿಸಬೇಕು. ಜಪಾನಿ ಬಾರದವರಿಗೆ ಮೊದಲ ಆರು ತಿಂಗಳು ಅಲ್ಲೇ ಭಾಷೆ ಕಲಿಸುತ್ತಾರೆ. ಅಂದರೆ ಕನ್ನಡ ಎಂಎ, ಜಾನಪದ, ಇತಿಹಾಸ, ರಂಗಭೂಮಿ ಓದಿದವರು ಯಕ್ಷಗಾನವನ್ನೂ ನೋ ನಾಟಕವನ್ನೂ ಜೊತೆಗಿಟ್ಟು ಒಂದು ಯೋಜನೆ ಬರೆದು ಅರ್ಜಿ ಹಾಕಬಹುದು. ನಮ್ಮ ಎಷ್ಟು ಎಂಎ ಮಕ್ಕಳಿಗೆ ಇದು ಗೊತ್ತು? ಗೊತ್ತಾದರೂ ಸಂಶೋಧನಾ ಯೋಜನೆ ಬರೆಯುವುದು ಹೇಗೆ ಅಂತ ಕಲಿಸಿದವರಾರು?

ಅಲ್ಲಿಗೆ ಮೂರನೆಯ ತಪ್ಪುಗಾರರ ಹತ್ತಿರ ಬಂದೆ. ಅದು ನಾವು, ಈ ಬರಹ ಬರೆಯುವ, ಓದುವ ನಾವು.

ನನ್ನದೇ ಹೇಳ್ತೇನೆ. ನಮ್ಮ ಆಫೀಸಿನಲ್ಲಿ ಜಪಾನಿ ಗ್ರಾಹಕರಿದ್ದಾರೆ ಅಂತ ಮೇಷ್ಟ್ರನ್ನು ಆಫೀಸಿಗೇ ಕರೆಸಿ ಪುಕ್ಕಟೆ ಕಲಿಸಿದರು. ಕ್ಲಾಸಿನ ಹೊತ್ತಿಗೆ ಕಾಫಿ, ಬಿಸ್ಕತ್ತು. ಎನ್4 ತನಕ ಹೋದೆ. ಆಮೇಲೆ ಪ್ರಾಜೆಕ್ಟ್ ಬದಲಾಯಿತು, ಬಿಟ್ಟೆ. ಈಗ ಉಳಿದಿರುವುದು ಕಾಲ್ ಮುಗಿಸುವಾಗ ಹೇಳುವ ಎರಡು ಮಾತು, ಮತ್ತೆ ರೆಸ್ಯೂಮೆಯಲ್ಲಿ ಒಂದು ಸಾಲು. ನನಗೆ ಬೇಡದಿದ್ದದ್ದು ಮೇಜಿನ ತನಕ ಬಂತು. ಬೇಕಾದವಳು ರಾತ್ರಿ ಬಸ್ಸಲ್ಲಿ ಬಂದು ಪರೀಕ್ಷೆ ಬರೆದು ಹೋದಳು. ನಾನು ಕೋಟದವನು ಅಂತ ಹೇಳಿಕೊಳ್ಳುವುದು ಬೆಂಗಳೂರಲ್ಲಿ ಕುಂದಾಪ್ರ ಕನ್ನಡ ದಿನಕ್ಕೆ ಹೋಗಿ ಕೋಳಿಸಾರು, ಕಡುಬು ತಿಂದು ಸ್ಟೇಟಸ್ ಹಾಕುವಾಗ ಮಾತ್ರ.

ನೀವೂ ಹೀಗೇ ಇರಬಹುದು. ಟೋಕಿಯೊಗೆ ಆನ್‌ಸೈಟ್ ಹೋಗಿ ಫ್ಯೂಜಿ ಪರ್ವತದ ಫೋಟೋ ಹಾಕಿದವರು, ಬೆಂಗಳೂರಿನ ಜಪಾನ್ ಹಬ್ಬದಲ್ಲಿ ಯುಕಾತಾ ಸುತ್ತಿಕೊಂಡವರು. ನಿಮ್ಮನ್ನು ಬೈಯುವುದಲ್ಲ. ಒಂದು ಪ್ರಶ್ನೆ ಕೇಳುವುದು: ನೀವು ಓದಿದ ಕಾಲೇಜಿಗೆ ಹೋಗಿ "ಹೀಗೊಂದು ವಿದ್ಯಾರ್ಥಿವೇತನ ಇದೆ" ಅಂತ ಒಂದು ಸಲ ಹೇಳಿದ್ದೀರಾ? ನಾನು ಹೇಳಿರಲಿಲ್ಲ.

ಹಾಗಾಗಿ ಬೇಡಿಕೆಗಳು ಎರಡು. ಸರ್ಕಾರಕ್ಕೆ: ಎಲ್ಲ ಕಾಲೇಜಿಗೆ ಬೇಡ, ಕರಾವಳಿಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಜಪಾನಿಯನ್ನು ಮುಖ್ಯ ವಿಷಯವಾಗಿ ಶುರು ಮಾಡಿ, ಕನ್ನಡದಲ್ಲಿ ವ್ಯಾಕರಣ ವಿವರಿಸುವ ಪಠ್ಯ ಮಾಡಿಸಿ. ಹಾಗೆ ಮಾಡಿದ ದಿನ ಆ ನಿಯಮದ ಸಾಲು ನಮ್ಮ ಮಕ್ಕಳ ಕಡೆಗೆ ತಿರುಗುತ್ತದೆ. ಹೂಡಿಕೆದಾರರ ಸಮಾವೇಶದ ಒಂದು ದಿನದ ಊಟದ ಖರ್ಚಲ್ಲಿ ಮೇಷ್ಟ್ರ ಸಂಬಳ ಬಂದೀತು. ನಮಗೆ: ವಾರಕ್ಕೆ ಒಂದು ಗಂಟೆ. ಭಾಷೆ ಬಂದವರು ಕಲಿಸಿ. ಬಾರದವರು ಒಬ್ಬರ ಅರ್ಜಿ, ಸಂಶೋಧನಾ ಯೋಜನೆ ತಿದ್ದಿಕೊಡಿ. ಪರೀಕ್ಷೆಗೆ ಬರುವ ಮಗುವಿಗೆ ನಿಮ್ಮ ರೂಮಲ್ಲಿ ಒಂದು ರಾತ್ರಿ ಚಾಪೆ ಕೊಡಿ.

ನಮ್ಮ ಹುಡುಗಿಗೆ ಆ ಯೋಜನೆ ಈ ವರ್ಷ ಸಿಗುವುದಿಲ್ಲ. ಅವಳು ಬಿಕಾಂ ಮುಗಿಸಿ, ಕೆಲಸ ಮಾಡಿಕೊಂಡು ಎನ್4, ಆಮೇಲೆ ಎನ್3 ಬರೆಯುತ್ತಾಳಂತೆ. ಅಷ್ಟರಲ್ಲಿ ಜಪಾನಿ ಪದವಿಗೇ ಸೇರಲು ದುಡ್ಡು ಕೂಡಿದರೆ ಸೇರ್ತಾಳೆ. 30ಕ್ಕೆ ಇನ್ನೂ ಒಂಬತ್ತು ವರ್ಷ ಇದೆ ಅಂತ ಲೆಕ್ಕ ಹಾಕಿದ್ದಾಳೆ. ಒಂದು ತಿಂಗಳಿಂದ ಭಾನುವಾರ ರಾತ್ರಿ ಒಂಬತ್ತಕ್ಕೆ ವಿಡಿಯೋ ಕಾಲ್ ಶುರುವಾಗಿದೆ. ಮೊದಲ ವಾರ ಅವಳೊಬ್ಬಳೇ. ಈಗ ಕೋಡಿಯ ಒಬ್ಬ ಮಾಣಿ, ಹಂಗಾರಕಟ್ಟೆಯ ಇಬ್ಬರು ಸೇರಿ ನಾಲ್ವರು. ನಾನು ಮರೆತದ್ದನ್ನು ಶನಿವಾರ ಕೂತು ಮತ್ತೆ ಓದಿಕೊಳ್ಳಬೇಕು, ಯಾಕಂದ್ರೆ ಕಾಂಜಿಯಲ್ಲಿ ಅವಳು ನನ್ನನ್ನು ದಾಟಿ ಆಯಿತು. ಮೊನ್ನೆ "ತಬೆತೆ ಮಿರು" ಪಾಠ. ನಾನು ವಿವರಿಸಲು ಬಾಯಿ ತೆಗೆಯುವ ಮೊದಲೇ ಕೋಡಿಯ ಮಾಣಿ ಅಂದ:

"ಗೊತ್ತಾಯ್ತ್ ಅಣ್ಣ, ತಿಂದ್ ಕಾಣ್. ಮುಂದಿಂದ್ ಹೇಳಿ."